ಹುಡುಕುವ ಮೊದಲು ಪ್ರಶ್ನೆ ಇರಲಿ: ಸಮಾಜ ವಿಜ್ಞಾನ ಪಾಠಕ್ಕೆ ಅಂತರ್ಜಾಲದ ಆಕರಗಳು

ನಾಳೆ ಎರಡನೇ ಪೀರಿಯಡ್‌ಗೆ ‘ಸ್ಥಳೀಯ ಸರ್ಕಾರ’ ಪಾಠ ಶುರುಮಾಡಬೇಕು. ರಾತ್ರಿ ಊಟ ಮುಗಿಸಿ ಫೋನ್ ಹಿಡಿದು ಕೂತರೆ ಪಾಠದ ಹೆಸರಿಗೇ ಸಾಲುಸಾಲು ವಿಡಿಯೊ, ಪಿಪಿಟಿ, ನೋಟ್ಸ್ ಬರುತ್ತವೆ. ಒಂದೊಂದನ್ನೇ ತೆರೆದು ನೋಡುವಷ್ಟರಲ್ಲಿ ಗಂಟೆ ಹನ್ನೊಂದು. ಕೊನೆಗೆ ಕೈಗೆ ಸಿಕ್ಕಿದ್ದು, ಪಠ್ಯಪುಸ್ತಕದ ಸಾಲುಗಳನ್ನೇ ಬಣ್ಣದ ಸ್ಲೈಡಿಗೆ ಇಳಿಸಿದ ಒಂದು ಪಿಪಿಟಿ. ಮಕ್ಕಳ ಕೈಯಲ್ಲಿರುವ ಪುಸ್ತಕವನ್ನೇ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಂತಾಯಿತು, ಅಷ್ಟೇ.

ಸಮಾಜ ವಿಜ್ಞಾನದ ಮಟ್ಟಿಗೆ ಅಂತರ್ಜಾಲದ ನಿಜವಾದ ಸಂಪತ್ತು ಬೇರೆಡೆ ಇದೆ. ನಮ್ಮ ತಾಲ್ಲೂಕಿನ ಶಾಸನದ ಪಾಠ, ನಮ್ಮ ಪಂಚಾಯಿತಿಯ ಖರ್ಚಿನ ಲೆಕ್ಕ, ನಮ್ಮ ಹಳ್ಳಿಯ ಜನಗಣತಿಯ ಪುಟ, ಸಂವಿಧಾನ ರಚನಾ ಸಭೆಯಲ್ಲಿ ಆಡಿದ ಮಾತು, ಇವೆಲ್ಲ ಈಗ ದುಡ್ಡು ಕೊಡದೆ ಸಿಗುತ್ತವೆ. ಹಿಂದೆ ಸಂಶೋಧಕರಷ್ಟೇ ನೋಡುತ್ತಿದ್ದ ಈ ಮೂಲ ಆಕರಗಳನ್ನು ಇವತ್ತು ಎಂಟನೇ ತರಗತಿಯ ಮಗುವೂ ಮುಟ್ಟಬಹುದು. ಅವನ್ನು ಹುಡುಕುವ, ಜರಡಿ ಹಿಡಿಯುವ, ತರಗತಿಗೆ ಒಯ್ಯುವ ಕ್ರಮ ಇಲ್ಲಿದೆ.

ಹಂತ 1: ಪಾಠದಿಂದ ಒಂದು ಪ್ರಶ್ನೆ ತೆಗೆಯಿರಿ

ಪಾಠದ ಹೆಸರು ಹಾಕಿ ಹುಡುಕಿದರೆ ಪಾಠದ ನಕಲೇ ಸಿಗುತ್ತದೆ. ಆದ್ದರಿಂದ ಫೋನ್ ಮುಟ್ಟುವ ಮೊದಲು ಪಾಠ ಯೋಜನೆಯ ಪುಸ್ತಕದಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳಿ. ಆ ಪ್ರಶ್ನೆಯಲ್ಲಿ ಒಂದು ಊರೋ ವರ್ಷವೋ ವ್ಯಕ್ತಿಯೋ ಇರಲಿ. ‘ಸ್ಥಳೀಯ ಸರ್ಕಾರ’ ಎಂಬುದರ ಬದಲು ‘ಕಳೆದ ವರ್ಷ ನಮ್ಮ ಗ್ರಾಮ ಪಂಚಾಯಿತಿ ಯಾವ ಕೆಲಸಕ್ಕೆ ಹೆಚ್ಚು ಹಣ ಇಟ್ಟಿತ್ತು?’ ಎಂದು ಕೇಳಿಕೊಳ್ಳಿ. ‘ಹೊಯ್ಸಳರು’ ಎಂಬುದರ ಬದಲು ‘ನಮ್ಮ ತಾಲ್ಲೂಕಿನಲ್ಲಿ ಹೊಯ್ಸಳರ ಶಾಸನ ಇದೆಯೇ, ಅದು ಯಾರಿಗೆ ಏನು ಕೊಟ್ಟದ್ದನ್ನು ಹೇಳುತ್ತದೆ?’ ಎಂದು ಬರೆದುಕೊಳ್ಳಿ. ಪ್ರಶ್ನೆ ಖಚಿತವಾಗಿದ್ದರೆ ಯಾವ ಬಗೆಯ ಆಕರ ಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಹುಡುಕುವಾಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಮ್ಮೊಮ್ಮೆ ಹುಡುಕಿ. ಹಳೆಯ ದಾಖಲೆಗಳಿಗೆ ಹಳೆಯ ಹೆಸರೇ ಬೇಕು. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಚಿತ್ರದುರ್ಗ ಜಿಲ್ಲೆ ‘ಚಿತಲ್‌ಡ್ರೂಗ್’ ಆಗಿದೆ, ಇಂದಿನ ಚಿಕ್ಕಮಗಳೂರು ಜಿಲ್ಲೆ ‘ಕಡೂರು’ ಎಂಬ ಹೆಸರಿನಲ್ಲಿದೆ.

ಹಂತ 2: ಹತ್ತಿರದ ಬಾವಿಯಿಂದ ಆರಂಭಿಸಿ

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಠ್ಯಪುಸ್ತಕಗಳ ಪಿಡಿಎಫ್ ಸಿಗುತ್ತದೆ. ಪಾಠದ ಚಿತ್ರ, ನಕ್ಷೆಗಳನ್ನು ದೊಡ್ಡದಾಗಿ ತೋರಿಸಲು ಅದು ಸಾಕು. 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಆ್ಯಪ್‌ನಿಂದ ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದ ಶಾಲೆಯಲ್ಲೂ ಅವನ್ನು ತೋರಿಸಬಹುದು.

ಇನ್ನೊಂದು ತಾಣ, ‘ಕೋಯರ್’ ಎಂದು ಶಿಕ್ಷಕರು ಕರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು. ವಿಕಿಪೀಡಿಯದ ಮಾದರಿಯಲ್ಲಿ ರೂಪುಗೊಂಡ ಈ ತಾಣದಲ್ಲಿ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರೇ ಸೇರಿಸಿದ ಪರಿಕಲ್ಪನಾ ನಕ್ಷೆ, ಚಟುವಟಿಕೆ, ಪ್ರಶ್ನೆಗಳಿವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ದಲ್ಲಿ ಸಮಾಜ ವಿಜ್ಞಾನ ಮತ್ತು ಶಿಕ್ಷಣದ ಲೇಖನಗಳ ಕನ್ನಡ ಅನುವಾದಗಳಿವೆ. ಮಕ್ಕಳಿಗೆ ಓದಿಸುವುದಕ್ಕಿಂತ ಪಾಠಕ್ಕೆ ಮೊದಲು ಶಿಕ್ಷಕರು ಓದಿಕೊಳ್ಳಲು ಅವು ಉತ್ತಮ.

ಕನ್ನಡ ವಿಕಿಪೀಡಿಯವನ್ನು ದಾರಿ ಕೇಳುವ ಅಂಗಡಿಯಂತೆ ಬಳಸಿ. ಲೇಖನ ಓದಿ, ಕೆಳಗಿನ ಉಲ್ಲೇಖಗಳ ಪಟ್ಟಿಯಿಂದ ಮೂಲಕ್ಕೆ ಹೋಗಿ. ಉಲ್ಲೇಖವೇ ಇಲ್ಲದ ಲೇಖನವನ್ನು ನಂಬಿ ಪಾಠ ಮಾಡಬೇಡಿ.

ಹಂತ 3: ಇತಿಹಾಸಕ್ಕೆ ನಿಮ್ಮ ತಾಲ್ಲೂಕಿನ ಕಲ್ಲೇ ಸಾಕ್ಷಿ

ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಮೂಲ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಶಾಸನಗಳನ್ನು ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿರುವುದರಿಂದ ಹುಡುಕುವುದು ಸುಲಭ. ಹಾಸನಕ್ಕೆ 5ನೇ ಸಂಪುಟ, ಬೆಂಗಳೂರಿಗೆ 9, ಕೋಲಾರಕ್ಕೆ 10, ತುಮಕೂರಿಗೆ 12. ಕನ್ನಡ ಪಾಠದ ಜೊತೆ ಇಂಗ್ಲಿಷ್ ಅನುವಾದವೂ ಇದೆ. ಈ ಸಂಪುಟಗಳು ಹಳೇ ಮೈಸೂರು ಮತ್ತು ಕೊಡಗಿಗೆ ಸೀಮಿತ. ಧಾರವಾಡ, ವಿಜಯಪುರ, ಬಳ್ಳಾರಿ ಸೀಮೆಯವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳನ್ನು ನೋಡಬೇಕು.

ಬೆಂಗಳೂರಿನ ಶಿಕ್ಷಕರಿಗೆ ಇನ್ನೂ ಒಂದು ಅನುಕೂಲವಿದೆ. ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳೂ ಆ ಚಿತ್ರಗಳಲ್ಲಿ ಎದ್ದು ಕಾಣುತ್ತವೆ. ‘ಬೆಂಗಳೂರು ಕಟ್ಟಿದ್ದು ಕೆಂಪೇಗೌಡರು’ ಎಂದು ಕಲಿತ ಮಕ್ಕಳಿಗೆ, ಅವರಿಗಿಂತ ಆರು ಶತಮಾನಕ್ಕೂ ಹಿಂದಿನ ಬೇಗೂರಿನ ವೀರಗಲ್ಲಿನಲ್ಲೇ ‘ಬೆಂಗಳೂರು’ ಎಂಬ ಹೆಸರು ಇರುವುದನ್ನು ತೋರಿಸಿ. ‘ಹಾಗಾದರೆ ಕೆಂಪೇಗೌಡರು ಕಟ್ಟಿದ್ದೇನು?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಇತಿಹಾಸದ ಪಾಠ ನಿಜವಾಗಿ ಶುರುವಾಗುವುದು ಅಲ್ಲಿಂದ.

1800–01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬರೆದ, 1807ರಲ್ಲಿ ಪ್ರಕಟವಾದ ಪ್ರವಾಸ ಕಥನವೂ ಆರ್ಕೈವ್‌ನಲ್ಲಿದೆ. ಬೆಳೆ, ನೇಯ್ಗೆ, ಸಂತೆ, ಕೂಲಿ ಎಲ್ಲದರ ವಿವರ ಅದರಲ್ಲಿದೆ. ಅವರು ಕಂಪನಿ ಸರ್ಕಾರದ ಕಡೆಯಿಂದ ಬಂದವರು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿ. ಯಾರು, ಯಾರಿಗಾಗಿ ಬರೆದರು ಎಂದು ಕೇಳುವುದೂ ಪಾಠದ ಭಾಗ. ಸ್ವಾತಂತ್ರ್ಯಾನಂತರದ ವಿವರಗಳಿಗೆ ಕರ್ನಾಟಕ ಗ್ಯಾಸೆಟಿಯರ್ ಇಲಾಖೆಯ ಜಿಲ್ಲಾ ಸಂಪುಟಗಳನ್ನು ನೋಡಿ.

ಹಂತ 4: ಭೂಗೋಳವನ್ನು ಚಲಿಸುವಂತೆ ತೋರಿಸಿ

ಗೂಗಲ್ ಅರ್ಥ್‌ನ ‘ಟೈಮ್‌ಲ್ಯಾಪ್ಸ್’ 1984ರಿಂದೀಚಿನ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಓಡಿಸಿ ತೋರಿಸುತ್ತದೆ. ಬಾಗಲಕೋಟೆಯ ಮೇಲೆ ಅದನ್ನು ನಿಲ್ಲಿಸಿ ನೋಡಿ. ತೆಳುವಾಗಿದ್ದ ನದಿ ಆಲಮಟ್ಟಿಯ ಹಿನ್ನೀರಿನಿಂದ ಹಿಗ್ಗುತ್ತದೆ, ಹಳೇ ಊರಿನ ಅಂಚಿಗೆ ನೀರು ಬರುತ್ತದೆ, ಆಚೆ ನವನಗರ ಬೆಳೆಯುತ್ತದೆ. ‘ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳು’ ಎಂಬ ಶೀರ್ಷಿಕೆಯ ಕೆಳಗೆ ಮುಳುಗಿದ ಮನೆಗಳೂ ಇವೆ, ನೀರು ಕಂಡ ಹೊಲಗಳೂ ಇವೆ ಎಂಬುದು ಮಕ್ಕಳಿಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ.

ಇಸ್ರೊದ ‘ಭುವನ್’ ತಾಣದಲ್ಲಿ ನಮ್ಮ ದೇಶದ ಉಪಗ್ರಹ ಚಿತ್ರಗಳಿವೆ. ‘ದಿಶಾಂಕ್’ ಆ್ಯಪ್ ತೆರೆದು ಶಾಲೆಯ ಮೈದಾನದಲ್ಲಿ ನಿಂತರೆ ಆ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ತಿಳಿಯುತ್ತದೆ. ಗಡಿ ಎಂದರೇನು ಎಂದು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನದ ಮಳೆ ಮತ್ತು ಜಲಾಶಯಗಳ ಮಟ್ಟವನ್ನು ಪ್ರಕಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆಯ ಮತ್ತು ಚಳ್ಳಕೆರೆಯ ಮಳೆಯನ್ನು ಮಕ್ಕಳೇ ದಿನವೂ ಗೋಡೆಯ ಚಾರ್ಟಿಗೆ ಏರಿಸಲಿ. ಮಳೆ ನೆರಳಿನ ಪ್ರದೇಶ ಎಂಬ ಪದವನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳದು.

ಹಂತ 5: ಸಂವಿಧಾನವನ್ನು ಮಾತಾಗಿ ಕೇಳಿಸಿ

ಸಂವಿಧಾನ ರಚನಾ ಸಭೆ 1946ರ ಡಿಸೆಂಬರ್ 9ರಂದು ಮೊದಲು ಸೇರಿತು, 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ಅಲ್ಲಿ ನಡೆದ ಚರ್ಚೆಗಳ ಪೂರ್ಣಪಾಠ ‘ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ಡಾಟ್ ನೆಟ್’ ತಾಣದಲ್ಲಿದೆ. ದಿನಾಂಕ, ವಿಧಿ, ಸದಸ್ಯರ ಹೆಸರು ಯಾವುದರಿಂದ ಬೇಕಾದರೂ ಹುಡುಕಬಹುದು. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಕರಡಿನಲ್ಲಿ 11ನೇ ವಿಧಿಯಾಗಿತ್ತು. ಅದರ ಚರ್ಚೆ ನಡೆದದ್ದು 1948ರ ನವೆಂಬರ್ 29ರಂದು. ಆ ದಿನದ ಒಂದು ಪುಟವನ್ನು ನೀವೇ ಸರಳ ಕನ್ನಡಕ್ಕೆ ತಂದು ಇಬ್ಬರು ಮಕ್ಕಳಿಂದ ಓದಿಸಿ. ಎಸ್. ನಿಜಲಿಂಗಪ್ಪ, ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಸಹ ಆ ಸಭೆಯಲ್ಲಿದ್ದರು ಎಂದರೆ ದೆಹಲಿಯ ಆ ಸಭಾಂಗಣ ಮಕ್ಕಳಿಗೆ ಅಷ್ಟು ದೂರ ಅನ್ನಿಸುವುದಿಲ್ಲ. ಶ್ಯಾಮ್ ಬೆನೆಗಲ್ ನಿರ್ದೇಶಿಸಿದ ಹತ್ತು ಕಂತುಗಳ ‘ಸಂವಿಧಾನ್’ ಸರಣಿ ಯೂಟ್ಯೂಬ್‌ನಲ್ಲಿದೆ. ಪೂರ್ತಿ ಕಂತು ಬೇಡ, ನಿಮ್ಮ ಪ್ರಶ್ನೆಗೆ ಹೊಂದುವ ನಾಲ್ಕೈದು ನಿಮಿಷ ಸಾಕು.

ಹಂತ 6: ಅರ್ಥಶಾಸ್ತ್ರ, ಸಮಾಜಶಾಸ್ತ್ರಕ್ಕೆ ಊರಿನ ಅಂಕಿ, ಊರಿನ ಬದುಕು

ಜನಗಣತಿ ಇಲಾಖೆಯ ತಾಣದಲ್ಲಿ 2011ರ ‘ಜಿಲ್ಲಾ ಜನಗಣತಿ ಕೈಪಿಡಿ’ಗಳಿವೆ. ಪ್ರತಿ ಹಳ್ಳಿಯ ಜನಸಂಖ್ಯೆ, ಶಾಲೆ, ಕುಡಿಯುವ ನೀರು, ರಸ್ತೆಯ ವಿವರ ಅವುಗಳಲ್ಲಿ ಸಿಗುತ್ತದೆ. ಆ ಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36. ದಕ್ಷಿಣ ಕನ್ನಡದ್ದು ಶೇ 88.57, ಯಾದಗಿರಿಯದ್ದು ಶೇ 51.83. ಈ ಮೂರು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ‘ಏಕೆ?’ ಎಂದು ಕೇಳಿ. ಪ್ರಾದೇಶಿಕ ಅಸಮಾನತೆಯ ಪಾಠಕ್ಕೆ ಅದೇ ಪೀಠಿಕೆ.

ಅಂಕಿಯ ಹಿಂದಿನ ಮನುಷ್ಯರನ್ನು ಕಾಣಿಸಲು ‘ಪರಿ’ ಇದೆ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ಗ್ರಾಮೀಣ ಭಾರತದ ಈ ಜನಭಂಡಾರದಲ್ಲಿ ನೇಕಾರರು, ಕುರಿಗಾಹಿಗಳು, ಕೂಲಿಕಾರರ ಬದುಕಿನ ಬರಹ ಮತ್ತು ಚಿತ್ರಗಳು ಕನ್ನಡದಲ್ಲೂ ಇವೆ. ಬ್ಯಾಂಕು, ಉಳಿತಾಯದ ಪಾಠಗಳಿಗೆ ರಿಸರ್ವ್ ಬ್ಯಾಂಕ್‌ನ ಹಣಕಾಸು ಸಾಕ್ಷರತೆಯ ಕಿರುಹೊತ್ತಿಗೆಗಳನ್ನು ಬಳಸಬಹುದು.

ಹಂತ 7: ಜರಡಿ ಹಿಡಿಯಿರಿ

ಸಿಕ್ಕಿದ್ದನ್ನೆಲ್ಲ ತರಗತಿಗೆ ಒಯ್ಯಬಾರದು. ಈ ನಾಲ್ಕು ಪರೀಕ್ಷೆಗಳು ತಪ್ಪದಿರಲಿ.

• ಯಾರು ಹೇಳಿದ್ದು? ಸಂಸ್ಥೆಯ ಹೆಸರು, ದಿನಾಂಕ, ಮೂಲ ಇಲ್ಲದ ವಾಟ್ಸ್‌ಆ್ಯಪ್ ಚಿತ್ರಗಳನ್ನು ಬದಿಗಿಡಿ.

• ಯಾವ ಕಾಲದ್ದು? ನಕ್ಷೆಯಲ್ಲಿ 2014ರಲ್ಲಿ ರಚನೆಯಾದ ತೆಲಂಗಾಣ, 2019ರಲ್ಲಿ ಪ್ರತ್ಯೇಕವಾದ ಲಡಾಖ್, 2021ರಲ್ಲಿ ಬಂದ ವಿಜಯನಗರ ಜಿಲ್ಲೆ ಇವೆಯೇ ನೋಡಿ. ಹಳೆಯ ನಕ್ಷೆಯನ್ನು ಹೊಸಪೇಟೆಯ ಶಾಲೆಯಲ್ಲಿ ತೋರಿಸಿದರೆ ಮಕ್ಕಳು ಮೊದಲು ಹುಡುಕುವುದೇ ತಮ್ಮ ಜಿಲ್ಲೆಯನ್ನು. 2011ರ ಜನಗಣತಿಯಲ್ಲಿ ರಾಜ್ಯಕ್ಕೆ 30 ಜಿಲ್ಲೆ ಇರುವುದು ಇದೇ ಕಾರಣಕ್ಕೆ.

• ಗಡಿ ಸರಿಯಿದೆಯೇ? ವಿದೇಶಿ ತಾಣಗಳ ಅನೇಕ ನಕ್ಷೆಗಳಲ್ಲಿ ಜಮ್ಮು-ಕಾಶ್ಮೀರ, ಅರುಣಾಚಲದ ಗಡಿಗಳು ಬೇರೆಯಾಗಿರುತ್ತವೆ. ಭಾರತದ ನಕ್ಷೆಯನ್ನು ಸರ್ವೆ ಆಫ್ ಇಂಡಿಯಾದಿಂದಲೇ ತೆಗೆದುಕೊಳ್ಳಿ.

• ಎರಡು ಮೂಲಗಳು ಒಪ್ಪುತ್ತವೆಯೇ? ಕನ್ನಡದ ಮೊದಲ ಶಾಸನ ಹಲ್ಮಿಡಿಯದೆಂದು, ಕಾಲ ಸುಮಾರು ಕ್ರಿ.ಶ. 450 ಎಂದು ಪುಸ್ತಕಗಳು ಹೇಳುತ್ತವೆ. ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕೂ ಹಿಂದಿನದು, ಕ್ರಿ.ಶ. 370ರದ್ದು ಎನ್ನುವ ವಿದ್ವಾಂಸರಿದ್ದಾರೆ. ಇಂಥ ಕಡೆ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಮಕ್ಕಳ ಮುಂದಿಡಿ. ಪರೀಕ್ಷೆಗೆ ಪಠ್ಯಪುಸ್ತಕದ ಉತ್ತರ ಯಾವುದು ಎಂಬುದನ್ನೂ ಸ್ಪಷ್ಟವಾಗಿ ಹೇಳಿ.

ಚಾಟ್‌ಜಿಪಿಟಿಯಂಥ ಸಾಧನಗಳಿಂದ ಚಟುವಟಿಕೆಯ ಯೋಚನೆ ಪಡೆಯಬಹುದು. ಅವು ಕೊಡುವ ಇಸವಿ, ಹೆಸರು, ಉದ್ಧರಣೆಗಳನ್ನು ಮಾತ್ರ ಮೂಲದಲ್ಲಿ ನೋಡದೆ ಕಪ್ಪುಹಲಗೆಗೆ ಏರಿಸಬೇಡಿ.

ಹಂತ 8: ತರಗತಿಗೆ ತಕ್ಕಂತೆ ಕತ್ತರಿಸಿ

ನಲವತ್ತು ನಿಮಿಷದ ಪೀರಿಯಡ್‌ಗೆ ಒಂದೇ ಆಕರ ಸಾಕು. ವಿಡಿಯೊ ಆದರೆ ಐದು ನಿಮಿಷ, ಬರಹ ಆದರೆ ಅರ್ಧ ಪುಟ. ಎಲ್ಲವನ್ನೂ ಮುಂಚೆಯೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಕರೆಂಟ್ ಹೋದರೆ ಕೈಕೊಡದಂತೆ ಒಂದು ಪ್ರಿಂಟ್ ಇಟ್ಟುಕೊಳ್ಳಿ. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲಿ ಐದು ಜೆರಾಕ್ಸ್ ಪ್ರತಿ ಐದು ಗುಂಪುಗಳಿಗೆ ಸಾಕಾಗುತ್ತದೆ. ತರಗತಿವಾರು, ಘಟಕವಾರು ಫೋಲ್ಡರ್ ಮಾಡಿ, ಪ್ರತಿ ಕಡತದ ಹೆಸರಿನಲ್ಲೇ ಮೂಲ ಮತ್ತು ದಿನಾಂಕ ಬರೆದಿಟ್ಟರೆ ಮುಂದಿನ ವರ್ಷ ಮತ್ತೆ ಹುಡುಕುವ ಶ್ರಮವಿಲ್ಲ.

ಒಂದು ಪಾಠ, ಹೀಗೆ ಮಾಡಿ ನೋಡಿ

ಈಗ ‘ಸ್ಥಳೀಯ ಸರ್ಕಾರ’ಕ್ಕೆ ಮರಳೋಣ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಇ-ಗ್ರಾಮಸ್ವರಾಜ್’ ತಾಣ 2020ರ ಏಪ್ರಿಲ್ 24ರಂದು ಆರಂಭವಾಯಿತು. ರಾಜ್ಯ, ಜಿಲ್ಲೆ, ತಾಲ್ಲೂಕು ಆರಿಸುತ್ತ ಹೋದರೆ ನಿಮ್ಮ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆ ತೆರೆದುಕೊಳ್ಳುತ್ತದೆ. ಅದರಿಂದ ಒಂದು ವರ್ಷದ ಕಾಮಗಾರಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಂಡು ಗುಂಪುಗಳಿಗೆ ಹಂಚಿ.

ಮೊದಲ ದಿನ ಮಕ್ಕಳು ಪಟ್ಟಿ ಓದಲಿ. ನೀರಿಗೆಷ್ಟು, ರಸ್ತೆಗೆಷ್ಟು, ಶಾಲೆಗೆಷ್ಟು ಎಂದು ಲೆಕ್ಕ ಹಾಕಲಿ. ಸಂಜೆ ಮನೆಗೆ ಹೋಗುವಾಗ ತಮ್ಮ ಓಣಿಯ ಚರಂಡಿ, ಬೀದಿದೀಪ, ನೀರಿನ ತೊಟ್ಟಿ ನೋಡಿಕೊಂಡು ಬರಲಿ. ಎರಡನೇ ದಿನ ಪಟ್ಟಿಯನ್ನೂ ಕಂಡದ್ದನ್ನೂ ಹೋಲಿಸಿ ಪ್ರತಿ ಗುಂಪು ಒಂದು ಪ್ರಶ್ನೆ ಬರೆಯಲಿ. ಆರೋಪದ ಧಾಟಿ ಬೇಡ, ತಿಳಿಯುವ ಆಸೆ ಇರಲಿ. ಮೂರನೇ ದಿನ ಪಿಡಿಒ ಅಥವಾ ಸದಸ್ಯರೊಬ್ಬರನ್ನು ಶಾಲೆಗೆ ಕರೆದು ಮಕ್ಕಳಿಂದಲೇ ಕೇಳಿಸಿ. ನಗರದ ಶಾಲೆಯವರು ನಗರಸಭೆಯ ಬಜೆಟ್‌ನಿಂದ ಇದನ್ನೇ ಮಾಡಬಹುದು.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ಇದೆ. ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ಮಕ್ಕಳು ಅಲ್ಲಿಗೆ ಒಯ್ಯಲಿ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೈಯಲ್ಲಿ ಒಂದು ಹಾಳೆ ಹಿಡಿದು ಎದ್ದು ನಿಂತು, ‘ಈ ಪಟ್ಟಿಯಲ್ಲಿ ನಮ್ಮ ಶಾಲೆಯ ಶೌಚಾಲಯ ಇದೆ, ಕೆಲಸ ಯಾವಾಗ ಶುರುವಾಗುತ್ತದೆ ಸರ್?’ ಎಂದು ಕೇಳಿದರೆ ‘ಸ್ಥಳೀಯ ಸರ್ಕಾರ’ದ ಪಾಠ ಮುಗಿಯಿತು ಎಂದು ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಬಹುದು.