ನಮ್ಮ ದುಡಿಮೆಗೆ ನಮ್ಮದೇ ಹೆಸರು

ಮಗು ಹುಟ್ಟಿದರೆ ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ಮನೆಯ ಕರುವಿಗೂ ಗೌರಿ, ಕೆಂಪಿ ಅಂತ ಹೆಸರಿಡುತ್ತೇವೆ. ಹೊಲಕ್ಕೂ ಹೆಸರಿದೆ. ಬಾವಿ ಹೊಲ, ಹುಣಸೆಮರದ ಹೊಲ ಅನ್ನುತ್ತೇವೆ. ಆದರೆ ನಾವು ಬಡಿದ ರೊಟ್ಟಿಗೆ, ಕುಟ್ಟಿದ ಚಟ್ನಿಪುಡಿಗೆ, ಹೊಲಿದ ಕೌದಿಗೆ ಹೆಸರು ಎಲ್ಲಿದೆ?

"ರುಚಿ ಇದ್ದರೆ ಸಾಕಲ್ಲ, ಹೆಸರು ಯಾಕೆ?" ಎಂದು ಕೆಲವರು ಕೇಳಬಹುದು. ರುಚಿ ಬೇಕೇ ಬೇಕು. ಆದರೆ ಹೆಸರಿಲ್ಲದಿದ್ದರೆ ಆ ರುಚಿಯ ಲಾಭ ಯಾರಿಗೆ ಹೋಗುತ್ತದೆ? ನೋಡೋಣ ಬನ್ನಿ.

ಹೆಸರಿಲ್ಲದ ರೊಟ್ಟಿ

ವಿಜಯಪುರದ ಕಡೆ ಒಂದು ಹಳ್ಳಿ. ಅಲ್ಲಿ ಹತ್ತು ಮಂದಿ ಹೆಂಗಸರ ಸಂಘ ಇದೆ ಎಂದುಕೊಳ್ಳೋಣ. ಅವರು ಬಿಳಿಜೋಳದ ಖಡಕ್ ರೊಟ್ಟಿ ಮಾಡುತ್ತಾರೆ. ಪೇಟೆಯ ವ್ಯಾಪಾರಿ ವಾರಕ್ಕೊಮ್ಮೆ ಬರುತ್ತಾನೆ. ಒಂದು ರೊಟ್ಟಿಗೆ 6 ರೂಪಾಯಿ ಕೊಟ್ಟು ಒಯ್ಯುತ್ತಾನೆ. ತನ್ನ ಅಂಗಡಿಯ ಹೆಸರಿನ ಚೀಟಿ ಅಂಟಿಸಿ 10 ರೂಪಾಯಿಗೆ ಮಾರುತ್ತಾನೆ. ತಿಂದವರಿಗೆ ರೊಟ್ಟಿ ಹಿಡಿಸುತ್ತದೆ. ಅವರು ಮತ್ತೆ ಅವನ ಅಂಗಡಿಗೇ ಬರುತ್ತಾರೆ.

ಒಂದು ದಿನ ವ್ಯಾಪಾರಿ ಹೇಳುತ್ತಾನೆ: "ಐದು ರೂಪಾಯಿಗೆ ಕೊಡ್ರಿ. ಇಲ್ಲಂದ್ರ ಬ್ಯಾರೆ ಊರಿಂದ ತರ್ತೀನಿ."

ಸಂಘದವರ ಬಳಿ ಉತ್ತರವಿಲ್ಲ. ರೊಟ್ಟಿ ತಿನ್ನುವವರಿಗೆ ಇವರ ಗುರುತೇ ಇಲ್ಲ. ಚೀಟಿಯ ಮೇಲೆ ಹೆಸರಿನ ಜಾಗ ಖಾಲಿ ಇತ್ತು. ಅಲ್ಲಿ ವ್ಯಾಪಾರಿ ತನ್ನ ಹೆಸರು ಬರೆದುಕೊಂಡ.

ಏಳು ಹೆಂಗಸರ ಹಪ್ಪಳ

ಈಗ ನಿಜವಾಗಿ ನಡೆದ ಒಂದು ಸಂಗತಿ ಓದೋಣ. 1959ರ ಮಾರ್ಚ್ 15. ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ಸೇರಿ ಹಪ್ಪಳ ಲಟ್ಟಿಸಿದರು. ಕೈಯಲ್ಲಿದ್ದದ್ದು 80 ರೂಪಾಯಿ. ಅದೂ ಸಾಲ. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ.

ಕೆಲಸ ಬೆಳೆಯಿತು. 1962ರಲ್ಲಿ ಅವರು ಹಪ್ಪಳಕ್ಕೆ ಹೆಸರು ಹುಡುಕಿದರು. ಅದಕ್ಕೊಂದು ಸ್ಪರ್ಧೆ ಇಟ್ಟರು. ಬಹುಮಾನ 5 ರೂಪಾಯಿ. ಗೆದ್ದ ಹೆಸರು 'ಲಿಜ್ಜತ್'. ಗುಜರಾತಿ ಭಾಷೆಯಲ್ಲಿ ರುಚಿ ಎಂದು ಅದರ ಅರ್ಥ.

ಆ ಹೆಸರು ದೇಶದ ತುಂಬಾ ಹರಡಿತು. ಇಂದು ಸಾವಿರಾರು ಹೆಂಗಸರು ಬೇರೆಬೇರೆ ಊರಲ್ಲಿ ಅದೇ ಹೆಸರಿನ ಹಪ್ಪಳ ಮಾಡುತ್ತಾರೆ. ಅವರೆಲ್ಲ ಸಂಸ್ಥೆಯ ಸದಸ್ಯರು. ಆ ಹೆಸರು ಅವರೆಲ್ಲರ ಆಸ್ತಿ. ಮೊದಲ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಒಳ್ಳೆಯ ಹೆಸರು ಹೇಗಿರಬೇಕು?

1. ಓದಲು, ಹೇಳಲು ಸುಲಭವಾಗಿರಬೇಕು. 'ಐಶ್ವರ್ಯಸಮೃದ್ಧಿ ಗೃಹೋತ್ಪನ್ನ' ಅಂತ ಹೆಸರಿಟ್ಟರೆ ಓದುವುದೇ ಕಷ್ಟ. ಎಷ್ಟೊಂದು ಒತ್ತಕ್ಷರ! ಅಕ್ಷರ ಕಲಿತ ನಾವೇ ಒಳ್ಳೆಯ ಪರೀಕ್ಷಕರು. ನಾವು ತಡವರಿಸದೆ ಓದಿದರೆ ಊರೆಲ್ಲ ಓದುತ್ತದೆ. ಫೋನಿನಲ್ಲೂ ಹೇಳಿ ನೋಡೋಣ. ಒಂದೇ ಸಲಕ್ಕೆ ತಿಳಿಯಬೇಕು.

2. ನಮ್ಮ ವಸ್ತುವನ್ನು, ಊರನ್ನು ನೆನಪಿಗೆ ತರಬೇಕು. ಹಾಲಿನ ಪೊಟ್ಟಣದ ಮೇಲೆ 'ನಂದಿನಿ' ಎಂದು ಓದಿದ್ದೇವೆ. ನಂದಿನಿ ಎಂದರೆ ಪುರಾಣದ ಕಾಮಧೇನುವಿನ ಮಗಳು. ಹಾಲಿಗೆ ಎಷ್ಟು ಒಪ್ಪುವ ಹೆಸರು! ಬೆಂಗಳೂರಿನ ಎಂ.ಟಿ.ಆರ್. ಎಂದರೆ ಮಾವಳ್ಳಿ ಟಿಫಿನ್ ರೂಮ್ಸ್. 1924ರಲ್ಲಿ ಶುರುವಾದ ಹೋಟೆಲ್ ಅದು. ಮಾವಳ್ಳಿ ಲಾಲ್‌ಬಾಗ್ ಹತ್ತಿರದ ಜಾಗ. ಆ ಜಾಗದ ಹೆಸರೇ ಹೋಟೆಲಿನ ಹೆಸರಿಗೆ ಸೇರಿತು.

3. ಎಲ್ಲರ ಮಾತೇ ನಮ್ಮ ಹೆಸರಾಗದು. 'ಜೋಳದ ರೊಟ್ಟಿ' ಎಂದಷ್ಟೇ ಬರೆದರೆ ಅದು ಯಾರ ರೊಟ್ಟಿ? ಆ ಮಾತನ್ನು ಯಾರು ಬೇಕಾದರೂ ಬಳಸಬಹುದು.

4. ಬೇರೆಯವರದ್ದಾಗಿರಬಾರದು. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ ಇಟ್ಟುಕೊಂಡರೆ ಕಾನೂನಿನ ತೊಂದರೆ ಬರುತ್ತದೆ.

5. ಸುಳ್ಳು ಹೇಳಬಾರದು. ಎಣ್ಣೆಯಲ್ಲಿ ಮಾಡಿದ್ದಕ್ಕೆ 'ತುಪ್ಪದ ತಿಂಡಿ' ಅನ್ನಬಾರದು. ಧಾರವಾಡ ಪೇಢಾ, ಇಳಕಲ್ ಸೀರೆ, ಚನ್ನಪಟ್ಟಣದ ಬೊಂಬೆ ಇಂಥ ಹೆಸರುಗಳಿಗೆ ಕಾನೂನಿನ ರಕ್ಷಣೆ ಇದೆ. ಬೇರೆ ಕಡೆ ಮಾಡಿದ ವಸ್ತುವಿಗೆ ಅವನ್ನು ಬಳಸುವಂತಿಲ್ಲ.

6. ನಾಳೆಗೂ ಹೊಂದಬೇಕು. ಇಂದು ರೊಟ್ಟಿ ಮಾಡುತ್ತೇವೆ. ಮುಂದೆ ಶೇಂಗಾ ಹೋಳಿಗೆ, ಉಪ್ಪಿನಕಾಯಿಯೂ ಮಾಡಬಹುದು. ಆಗಲೂ ಹೆಸರು ಸರಿಹೋಗಬೇಕು.

ಸಂಘದ ಸಭೆಯಲ್ಲಿ

ಆ ರೊಟ್ಟಿ ಸಂಘದವರು ಹೆಸರಿಡಲು ಕುಳಿತರೆ ಮಾತು ಹೀಗೆ ನಡೆಯಬಹುದು.

"ಅಧ್ಯಕ್ಷಿ ಯಕ್ಕನ ಹೆಸರ ಇಡೂಣು."

"ಬ್ಯಾಡವ್ವಾ. ರೊಟ್ಟಿ ಹತ್ತು ಮಂದಿ ಬಡಿತೀವಿ. ಒಬ್ಬಾಕಿ ಹೆಸರು ಯಾಕ? ನಾಳೆ ಅಧ್ಯಕ್ಷಿ ಬದಲಾದರ?"

"ಹಂಗಾರ ದೇವರ ಹೆಸರು?"

"ಖಾಲಿ ಚೀಲ ರಸ್ತೆದಾಗ ಬೀಳ್ತಾವ. ದೇವರ ಹೆಸರು ಮಂದಿ ಕಾಲಾಗ ಸಿಕ್ಕರ ಮನಸ್ಸಿಗೆ ಹೆಂಗ ಅನಿಸ್ತದ?"

"ತವರಿಂದ ಹೊರಡೂ ಮುಂದ ಅವ್ವ ಬುತ್ತಿ ಕಟ್ಟಿ ಕೊಡ್ತಾಳಲ್ಲ. 'ತವರ ಬುತ್ತಿ' ಅಂದ್ರ ಹೆಂಗ?"

ಎಲ್ಲರೂ ಒಮ್ಮೆ ಹೇಳಿ ನೋಡಿದರು. ಬಾಯಿಗೆ ಸುಲಭ. ಒಂದೇ ಒತ್ತಕ್ಷರ. ಬುತ್ತಿಯಲ್ಲಿ ರೊಟ್ಟಿಯೂ ಇರುತ್ತದೆ, ಚಟ್ನಿಯೂ ಇರುತ್ತದೆ, ಹೋಳಿಗೆಯೂ ಇರುತ್ತದೆ. ಹೀಗೆ ಎಲ್ಲರೂ ಮಾತಾಡಿ ಆರಿಸಿದ ಹೆಸರನ್ನು ಎಲ್ಲರೂ ಕಾಪಾಡುತ್ತಾರೆ.

ಹೆಸರನ್ನು ಗಟ್ಟಿ ಮಾಡಿಕೊಳ್ಳೋಣ

ಹೆಸರು ಆರಿಸಿದ ಕೂಡಲೇ ಚೀಟಿ ಅಚ್ಚು ಹಾಕಿಸಬಾರದು. ಮೊದಲು ಸಂತೆಯಲ್ಲಿ, ಪೇಟೆಯಲ್ಲಿ ವಿಚಾರಿಸೋಣ. ಆ ಹೆಸರನ್ನು ಯಾರಾದರೂ ಇಟ್ಟುಕೊಂಡಿದ್ದಾರೆಯೇ? ಟ್ರೇಡ್ ಮಾರ್ಕ್ ಇಲಾಖೆಯ ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ನೋಡಬಹುದು. ಓದಿದ ಮಕ್ಕಳಿಂದ ಸಹಾಯ ಪಡೆಯೋಣ.

ಸಣ್ಣ ಉದ್ಯಮಕ್ಕೆ ಸರ್ಕಾರದ 'ಉದ್ಯಮ್' ನೋಂದಣಿ ಇದೆ. ಅದಕ್ಕೆ ಶುಲ್ಕವಿಲ್ಲ. ತಿನ್ನುವ ಪದಾರ್ಥ ಮಾಡಿ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಬೇಕು. ಅದರಲ್ಲಿ ಸಿಗುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಜೊತೆಗೆ ನಮ್ಮ ವಿಳಾಸ, ತೂಕ, ಬೆಲೆ, ತಯಾರಿಸಿದ ದಿನ ಇವೂ ಇರಬೇಕು.

ವ್ಯಾಪಾರ ಬೆಳೆದ ಮೇಲೆ ಹೆಸರನ್ನು ಟ್ರೇಡ್ ಮಾರ್ಕ್ ಆಗಿ ನೋಂದಾಯಿಸಬಹುದು. 1999ರ ಕಾನೂನಿನ ಪ್ರಕಾರ ಈ ನೋಂದಣಿ 10 ವರ್ಷ ನಡೆಯುತ್ತದೆ. ಆಮೇಲೆ ಮತ್ತೆ ನವೀಕರಿಸಬಹುದು. ಹೀಗೆ ಮಾಡಿದರೆ ನಮ್ಮ ಹೆಸರನ್ನು ಇನ್ನೊಬ್ಬರು ಕದ್ದಾಗ ಕೇಳುವ ಹಕ್ಕು ನಮಗೆ ಬಲವಾಗಿ ಇರುತ್ತದೆ. ಮಾಹಿತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳೋಣ.

ಒಂದು ಮಾತು ಮರೆಯದಿರೋಣ. ಹೆಸರಿಡುವುದು ಒಂದು ದಿನದ ಕೆಲಸ. ಹೆಸರು ಉಳಿಸುವುದು ದಿನದಿನದ ಕೆಲಸ. ಹಿಟ್ಟು ಹಳತಾದರೆ, ತೂಕ ಕಡಿಮೆಯಾದರೆ ಕೆಡುವುದು ನಮ್ಮ ಹೆಸರೇ. ರುಚಿ, ಶುಚಿ, ತೂಕ ಸರಿಯಿದ್ದರೆ ಜನ ಹೆಸರು ಹೇಳಿ ಕೇಳಿ ಕೊಳ್ಳುತ್ತಾರೆ. ಆಗ ಬೆಲೆ ಹೇಳುವ ಧೈರ್ಯ ನಮಗೂ ಬರುತ್ತದೆ.

ಹೊಸ ಪದಗಳು

ನೋಂದಣಿ – ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸುವುದು
ಟ್ರೇಡ್ ಮಾರ್ಕ್ – ವ್ಯಾಪಾರದ ಗುರುತು
ನವೀಕರಣ – ಅವಧಿ ಮುಗಿದ ಮೇಲೆ ಮುಂದುವರಿಸುವುದು

ಉತ್ತರ ಹೇಳೋಣ

1. ವ್ಯಾಪಾರಿ ಬೆಲೆ ಇಳಿಸಿದಾಗ ಸಂಘದವರು ಏಕೆ ಸುಮ್ಮನಾಗಬೇಕಾಯಿತು?
2. 'ಲಿಜ್ಜತ್' ಹೆಸರನ್ನು ಹೇಗೆ ಆರಿಸಿದರು?
3. ಒಬ್ಬರ ಹೆಸರನ್ನೇ ಸಂಘದ ವಸ್ತುವಿಗೆ ಇಟ್ಟರೆ ಏನು ತೊಂದರೆ?

ಮಾಡಿ ನೋಡೋಣ

ನಮ್ಮ ಗುಂಪು ಮಾಡುವ ಒಂದು ವಸ್ತುವನ್ನು ಆರಿಸೋಣ. ಪ್ರತಿಯೊಬ್ಬರೂ ಒಂದೊಂದು ಹೆಸರನ್ನು ಸ್ಲೇಟಿನ ಮೇಲೆ ಬರೆಯೋಣ. ಸ್ಲೇಟು ಬದಲಾಯಿಸಿಕೊಂಡು ಒಬ್ಬರದನ್ನು ಒಬ್ಬರು ಗಟ್ಟಿಯಾಗಿ ಓದೋಣ. ತಡವರಿಸದೆ ಓದಲು ಬಂದ ಹೆಸರು ಯಾವುದು?