ಕೌಂಟಿಯ ಬಜೆಟ್ಟು, ನಿಮ್ಮ ಎರಡು ನಿಮಿಷ

ಅಕ್ಟೋಬರ್ ಬಂತೆಂದರೆ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಲಕೋಟೆ ಬರುತ್ತದೆ. ಆಸ್ತಿ ತೆರಿಗೆಯ ಬಿಲ್ಲು. ಸನಿವೇಲ್, ಕುಪರ್ಟಿನೊ, ಸ್ಯಾನ್ ಹೋಸೆಯ ನಮ್ಮವರು ಅದರಲ್ಲಿ ನೋಡುವುದು ಎರಡೇ ಸಂಗತಿ: ಮೊತ್ತ ಎಷ್ಟು, ಕಟ್ಟಲು ಕೊನೆಯ ದಿನ ಯಾವುದು. ಮೊದಲ ಕಂತಿಗೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10, ದಾಟಿದರೆ ಶೇ. 10 ದಂಡ. ಕಟ್ಟಿದ ಮೇಲೆ ಬಿಲ್ಲು ಡ್ರಾಯರ್ ಸೇರುತ್ತದೆ. ಈ ಹಣದಲ್ಲಿ ಶಾಲೆಗಳಿಗೆ, ನಗರಗಳಿಗೆ ಹೋಗಿ ಉಳಿದ ಕೌಂಟಿಯ ಪಾಲನ್ನು ಹೇಗೆ ಖರ್ಚು ಮಾಡಬೇಕೆಂಬ ಚರ್ಚೆ ಮಾತ್ರ ಬೇಸಿಗೆಯಲ್ಲೇ, ಬಾಗಿಲು ತೆರೆದಿಟ್ಟುಕೊಂಡೇ ನಡೆದು ಹೋಗಿರುತ್ತದೆ.

ಕೌಂಟಿ ಎಂದಾಗ ನಮ್ಮ ಜಿಲ್ಲಾ ಪಂಚಾಯಿತಿಯನ್ನು ನೆನೆದರೆ ಲೆಕ್ಕ ತಪ್ಪುತ್ತದೆ. ಜೈಲು, ಶೆರಿಫ್, ಚುನಾವಣೆ, ಬಡವರ ಆರೋಗ್ಯ ಎಲ್ಲವೂ ಅದರ ತಲೆಯ ಮೇಲೆ. ಸಾಂತಾ ಕ್ಲಾರಾ ಕೌಂಟಿಯಂತೂ ಸ್ವಂತ ಆಸ್ಪತ್ರೆಗಳನ್ನೇ ನಡೆಸುತ್ತದೆ. ರಾಜ್ಯದ 58 ಕೌಂಟಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದನ್ನು ಬಿಟ್ಟರೆ ಉಳಿದ ಕಡೆ ಬಜೆಟ್ ಒಪ್ಪುವವರು ಜನ ಆರಿಸಿ ಕಳಿಸಿದ ಐದು ಮಂದಿ ಸೂಪರ್‌ವೈಸರ್‌ಗಳು.

ಇವರಿಗೆ ವಾಷಿಂಗ್ಟನ್ನಿನ ಹಾಗೆ ಸಾಲ ಎತ್ತಿ ಕೊರತೆ ಬಜೆಟ್ ಮಂಡಿಸುವ ಸ್ವಾತಂತ್ರ್ಯ ಇಲ್ಲ. ಹಣ ಬರುವ ಮೂಲಗಳ ಮೊತ್ತವೂ ಹಣ ಹೋಗುವ ಬಾಬತ್ತುಗಳ ಮೊತ್ತವೂ ಸಮ ಇರಲೇಬೇಕು ಎನ್ನುತ್ತದೆ ರಾಜ್ಯದ ಸರ್ಕಾರಿ ಸಂಹಿತೆಯ 29009ನೇ ಕಲಂ. ಮಂಜೂರಾದದ್ದಕ್ಕಿಂತ ಹೆಚ್ಚು ಖರ್ಚು ಮಾಡಿದರೆ ಆ ಹೊಣೆ ಸಾಮಾನ್ಯವಾಗಿ ಕೌಂಟಿಯದ್ದಲ್ಲ, ಅನುಮತಿ ಕೊಟ್ಟ ಅಧಿಕಾರಿಯ ಸ್ವಂತದ್ದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸರಿ. ಆದರೆ ಹಾಸಿಗೆಯ ಅಳತೆ ಹಿಡಿಯುವವರೂ ಕಾಲು ಚಾಚುವವರೂ ಇಲ್ಲಿ ಒಂದೇ ಮನೆಯವರು. ನಾಗರಿಕರು ಕಣ್ಣಿಡಬೇಕಾದದ್ದು ಅಲ್ಲೇ.

‘ಮೂಲ’ ಎಂಬ ಮಾತಿನಲ್ಲಿ ಈ ವರ್ಷದ ವರಮಾನ ಮಾತ್ರ ಇರುವುದಿಲ್ಲ. ಹೋದ ವರ್ಷ ಉಳಿದದ್ದೂ, ಮೀಸಲು ನಿಧಿಯಿಂದ ತೆಗೆದದ್ದೂ ಸೇರುತ್ತದೆ. ಆಪತ್ತಿಗೆಂದು ಇಟ್ಟ ಗಂಟನ್ನು ಬಿಚ್ಚಿ ಸಂಬಳ ಕೊಟ್ಟರೂ ಕಾಗದದ ಮೇಲೆ ತಕ್ಕಡಿ ಸಮವೇ. ಇನ್ನೊಂದು ದಾರಿ ಖಾಲಿ ಹುದ್ದೆಗಳದ್ದು. ‘ಯಾರನ್ನೂ ಕೆಲಸದಿಂದ ತೆಗೆದಿಲ್ಲ’ ಎಂಬ ಹೇಳಿಕೆ ಕೇಳಲು ಹಿತ. ಭರ್ತಿಯಾಗದ ನರ್ಸ್ ಹುದ್ದೆ ರದ್ದಾದರೆ ಅದರ ಬಿಸಿ ತಟ್ಟುವುದು ಸರದಿಯಲ್ಲಿ ಕೂತ ರೋಗಿಗೆ. ಬಜೆಟ್ ಪುಸ್ತಕ ಕೈಗೆ ಸಿಕ್ಕರೆ ನಾನಂತೂ ಮೊದಲು ತೆರೆಯುವುದು ಈ ಎರಡು ಪುಟಗಳನ್ನು: ಮೀಸಲು ನಿಧಿ ಹೋದ ವರ್ಷಕ್ಕಿಂತ ಕರಗಿದೆಯೇ, ರದ್ದಾದ ಹುದ್ದೆ ಯಾವ ಇಲಾಖೆಯದ್ದು.

ತೆರಿಗೆ ಏರಿಸಿ ಸಮ ಮಾಡಬಾರದೇ? 1978ರಲ್ಲಿ ಮತದಾರರು ಒಪ್ಪಿದ ಪ್ರಪೋಸಿಷನ್ 13 ಆ ಕೈಯನ್ನು ಕಟ್ಟಿಹಾಕಿದೆ. ಮೂಲ ದರ ಆಸ್ತಿಯ ನಿಗದಿತ ಮೌಲ್ಯದ ಶೇ. 1, ಆ ಮೌಲ್ಯ ವರ್ಷಕ್ಕೆ ಏರುವುದು ಹೆಚ್ಚೆಂದರೆ ಶೇ. 2. ಹತ್ತು ವರ್ಷದ ಹಿಂದೆ 10 ಲಕ್ಷ ಡಾಲರಿಗೆ ಕೊಂಡವರ ಮೂಲ ತೆರಿಗೆ ಇವತ್ತು 12,200 ಡಾಲರ್ ದಾಟದು. ಪಕ್ಕದ ಅಂಥದೇ ಮನೆಯನ್ನು ಈಗ 20 ಲಕ್ಷಕ್ಕೆ ಕೊಂಡವರಿಗೆ 20,000. ಬೇಲಿ ಒಂದೇ, ಬಿಲ್ಲು ಬೇರೆ. ಹೊಸಬರ ಮನೆಗೆ ಜೊತೆಯಲ್ಲೇ ಪೂರಕ ಬಿಲ್ಲೂ ಬರುತ್ತದೆ. ಅದನ್ನು ಸಾಲ ಕೊಟ್ಟ ಬ್ಯಾಂಕು ಕಟ್ಟುತ್ತದೆಂದು ಕೂತರೆ ದಂಡ ನಿಮ್ಮದೇ.

ಹೊಸ ಸಾಮಾನ್ಯ ತೆರಿಗೆ ಬೇಕೆಂದರೆ ಮತದಾರರ ಬಹುಮತ ಬೇಕು. 2025ರ ಜುಲೈನಲ್ಲಿ ಒಕ್ಕೂಟ ಸರ್ಕಾರ ಬಡವರ ಆರೋಗ್ಯ ವಿಮೆಯ ಹಣಕ್ಕೆ ಕತ್ತರಿ ಹಾಕುವ ಕಾನೂನು ತಂದಾಗ ಸಾಂತಾ ಕ್ಲಾರಾ ಕೌಂಟಿ ಜನರ ಮುಂದೆಯೇ ಹೋಯಿತು. ನವೆಂಬರ್‌ನಲ್ಲಿ ಮೆಷರ್ ಎ ಗೆದ್ದಿತು: ಐದು ವರ್ಷ, ಡಾಲರಿಗೆ ಸೆಂಟಿನ ಎಂಟರಲ್ಲಿ ಐದು ಪಾಲು ಹೆಚ್ಚುವರಿ ಮಾರಾಟ ತೆರಿಗೆ. ಎಲ್ಲ ಕಡೆ ಹೀಗೇ ಆಗುವುದಿಲ್ಲ. ಬಡ್ಡಿಯ ಆಸೆಗೆ ಬಿದ್ದು ಖಜಾನೆಯ ಹಣವನ್ನು ಅಪಾಯಕಾರಿ ಹೂಡಿಕೆಗೆ ಹಾಕಿದ ಆರೆಂಜ್ ಕೌಂಟಿ ಸುಮಾರು 160 ಕೋಟಿ ಡಾಲರ್ ಕಳೆದುಕೊಂಡು 1994ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ನಷ್ಟ ತುಂಬಲು ಅರ್ಧ ಸೆಂಟ್ ತೆರಿಗೆ ಕೇಳಿದರೆ ಮರುವರ್ಷ ಅಲ್ಲಿನ ಮತದಾರರು ಆಗದು ಎಂದರು.

ಈಗ ನಿಮ್ಮ ಪಾಳಿ. ಆರ್ಥಿಕ ವರ್ಷ ಜುಲೈ 1ಕ್ಕೆ ಶುರು. ಶಿಫಾರಸು ಬಜೆಟ್ಟಿಗೆ ಜೂನ್ 30ರ ಒಳಗೆ, ಅಂತಿಮ ಬಜೆಟ್ಟಿಗೆ ಅಕ್ಟೋಬರ್ 2ರ ಒಳಗೆ ಸೂಪರ್‌ವೈಸರ್‌ಗಳ ಮಂಡಳಿಯ ಒಪ್ಪಿಗೆ ಆಗಬೇಕು. ದಾಖಲೆ ಜನರ ಕೈಗೆ ಸಿಕ್ಕಿ ಕನಿಷ್ಠ 10 ದಿನ ಕಳೆಯದೆ ಬಹಿರಂಗ ವಿಚಾರಣೆ ಆರಂಭಿಸುವಂತಿಲ್ಲ. ಅಲ್ಲಿ ಯಾವ ಬಾಬತ್ತಿನ ಮೇಲಾದರೂ ಮಾತಾಡಬಹುದು, ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸಿ ಎಂದೂ ಕೇಳಬಹುದು. ತಿದ್ದುಪಡಿ ಸೂಚಿಸುವುದಿದ್ದರೆ ಮಾತಿನಲ್ಲಿ ಬಿಡಬೇಡಿ. ವಿಚಾರಣೆ ಮುಗಿಯುವ ಮೊದಲೇ ಮಂಡಳಿಯ ಕ್ಲರ್ಕ್‌ಗೆ ಬರಹದಲ್ಲಿ ಕೊಡಿ. ವರ್ಷದ ನಡುವೆ ಆಕಸ್ಮಿಕ ನಿಧಿಗೆ ಕೈ ಹಾಕಲು ಐವರಲ್ಲಿ ನಾಲ್ವರ ಮತ ಬೇಕು. ಅಂಥ ವಿಷಯ ಕಾರ್ಯಸೂಚಿಯಲ್ಲಿ ಕಂಡರೆ ಆ ಸಭೆ ತಪ್ಪಿಸಿಕೊಳ್ಳಬೇಡಿ. ಮಾಮೂಲು ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು. ಕಡತ ಬೇಕಿದ್ದರೆ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಕೇಳಿ: ಕೊಡುತ್ತೇವೆಯೋ ಇಲ್ಲವೋ ಎಂದು ಸಾಮಾನ್ಯವಾಗಿ 10 ದಿನದಲ್ಲಿ ಉತ್ತರ ಬರಬೇಕು.

‘ನಾವು ಎಚ್-1ಬಿ ವೀಸಾ ಮೇಲೆ ಇರುವವರು, ನಮಗೇನು ಹಕ್ಕು’ ಎನ್ನುವವರು ಬಹಳ. ಮತ ಹಾಕುವ ಹಕ್ಕು ಇಲ್ಲ, ನಿಜ. ಆದರೆ ಸಭೆಗಳು ಬಹಿರಂಗವಾಗಿರಬೇಕು ಎನ್ನುವ 1953ರ ಬ್ರೌನ್ ಕಾಯ್ದೆ ಸಭೆಗೆ ಬಂದವರ ಪೌರತ್ವ ಕೇಳುವುದಿಲ್ಲ. ಒಳಗೆ ಬರಲು ಹೆಸರು ಬರೆಸಿ ಎಂದೂ ಒತ್ತಾಯಿಸುವಂತಿಲ್ಲ.

ಮಾತಿಗೆ ಸಿಗುವುದು ಒಂದೋ ಎರಡೋ ನಿಮಿಷ. ಜನ ಹೆಚ್ಚಾದಷ್ಟೂ ಸಮಯ ಕಡಿಮೆ. ಹಾಗಾಗಿ ಪೀಠಿಕೆ ಬಿಟ್ಟು ಪುಟದ ಸಂಖ್ಯೆಯಿಂದಲೇ ಶುರುಮಾಡಿ. ಊರಿಂದ ಬಂದ ಅಮ್ಮ ಆಸ್ಪತ್ರೆಯ ಬಗ್ಗೆ ಕನ್ನಡದಲ್ಲೇ ಹೇಳುತ್ತೇನೆ ಎಂದರೆ ತಡೆಯಬೇಡಿ. ಪಕ್ಕದಲ್ಲಿ ನಿಂತು ಅನುವಾದಿಸಿ. ಏಕಕಾಲದಲ್ಲಿ ಅನುವಾದಿಸುವ ಉಪಕರಣ ಸಭೆಯಲ್ಲಿ ಇಲ್ಲದಿದ್ದರೆ, ಅನುವಾದಕರ ನೆರವಿನಿಂದ ಮಾತಾಡುವವರಿಗೆ ಕನಿಷ್ಠ ಎರಡು ಪಟ್ಟು ಸಮಯ ಕೊಡಬೇಕು. ಅಮ್ಮನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತು ಎಂದರೆ ಅಧ್ಯಕ್ಷರಿಗೆ ಅದೇ ಬ್ರೌನ್ ಕಾಯ್ದೆಯ ಕಲಂ ಸಂಖ್ಯೆ ಹೇಳಿ: 54954.3.