ಕ್ಷಪಕನ ಬಳಿ ಇಬ್ಬರು

ಸಲ್ಲೇಖನೆ ಕ್ಷಪಕನೊಬ್ಬನ ವ್ರತವಾದರೂ ಅದರ ನಿರ್ವಹಣೆ ಒಬ್ಬನಿಂದಾಗದು. ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥವು 48 ಮಂದಿ ನಿರ್ಯಾಪಕರನ್ನು ವಿಧಿಸಿ, ಮಗ್ಗುಲು ಬದಲಿಸುವುದು, ಧರ್ಮಕಥೆ ಹೇಳುವುದು, ಮಲಮೂತ್ರ ಶುದ್ಧಿ, ರಾತ್ರಿಯ ಜಾಗರಣೆ ಮುಂತಾದ ಸೇವೆಗಳನ್ನು ನಾಲ್ವರು ನಾಲ್ವರಿಗೆ ಹಂಚುತ್ತದೆ. ಕಾಲಾನುಸಾರ ಈ ಸಂಖ್ಯೆ ಇಳಿಯಬಹುದು; ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದು ಆಹಾರಕ್ಕೆ ಹೋದರೆ ಕ್ಷಪಕನು ಅನಾಥನಾಗುವನು. ಹೋಗದಿದ್ದರೆ ತಾನೇ ಕುಗ್ಗುವನು.

ವ್ರತ ಸ್ವೀಕರಿಸದ ರೋಗಿಯ ಮನೆಗೂ ಇದೇ ಪಾಠ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂತಹ ಎಡೆಗಳಲ್ಲಿ ಮಗನು ಪಾಳಿಯ ಕೆಲಸಕ್ಕೆ ಹೊರಟರೆ, ಹಾಸಿಗೆ ಹಿಡಿದ ಹಿರಿಯರ ಬಳಿ ಸೊಸೆಯೊಬ್ಬಳೇ ಉಳಿಯುವಳು. ಯಂತ್ರಕ್ಕೂ ಪಾಳಿಯುಂಟು, ಅವಳಿಗಿಲ್ಲ. ನೆರೆಯ ಶ್ರಾವಕರು ಸರದಿಯಂತೆ ಬಂದು ಕುಳಿತರೆ ಅದು ವೈಯಾವೃತ್ತ್ಯ. ಅನಶನವು ಬಾಹ್ಯ ತಪಸ್ಸಾದರೆ ಇದು ಆಭ್ಯಂತರ ತಪಸ್ಸು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಹಾಸ್ಪಿಸ್ ಟ್ರಸ್ಟಿನ ‘ಕರುಣಾಶ್ರಯ’ವು ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಸೇವೆ ಸಲ್ಲಿಸುತ್ತ, ಅವರ ಮನೆಯವರಿಗೂ ಆಸರೆಯಾಗಿದೆ.

ಮರಣಾನಂತರ ದುಃಖಿತರಿಗೆ “ಶೋಕವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣ, ಅಳಬೇಡಿ” ಎಂದು ಗದರುವವರುಂಟು. ಆದರೆ ತತ್ತ್ವಾರ್ಥಸೂತ್ರವು ತನ್ನಲ್ಲಿ ಮಾತ್ರವಲ್ಲ, ಪರರಲ್ಲಿ ಉಂಟುಮಾಡಿದ ದುಃಖವನ್ನೂ ಅದೇ ಆಸ್ರವದಲ್ಲಿ ಎಣಿಸಿದೆ. ಗದರುವವನೂ ಅದಕ್ಕೆ ಹೊರತಲ್ಲ. ಅನಿತ್ಯಭಾವನೆಯನ್ನು ಮೆಲ್ಲನೆ, ಜೊತೆಯಲ್ಲಿ ಕುಳಿತು ನೆನಪಿಸಬೇಕು.

ಉಪವಾಸದ ದಿನ ಒಲೆಯ ಕೆಲಸ ಉಳಿಯುವುದಷ್ಟೆ. ಆ ಹೊತ್ತನ್ನು ಅಂತಹ ಒಂದು ಮನೆಗೆ ಮೀಸಲಿಡುವ ನಿಯಮವನ್ನು ಶ್ರಾವಕ-ಶ್ರಾವಿಕೆಯರು ಕೈಗೊಳ್ಳಲಿ.